ದ್ರೋಹಿಯ ಹೆಸರು ಬಾಯಿಪಾಠ, ಸತ್ತವನದ್ದು?

ಶ್ರೀರಂಗಪಟ್ಟಣದ ಕೋಟೆ ನೋಡಲು ಬಂದವರಿಗೆಲ್ಲ ಒಂದೇ ಕಥೆ: ಮೀರ್ ಸಾದಿಕ್ ದ್ರೋಹ ಬಗೆದ, ಟಿಪ್ಪು ಸತ್ತ. ಮುಗೀತು! ದ್ರೋಹ ಹಾಗಿರಲಿ ಸ್ವಾಮಿ, ಕಾವೇರಿಯ ಮಾತು ಯಾಕೆ ಯಾರೂ ಎತ್ತೋದಿಲ್ಲ? 1791ರಲ್ಲಿ ಮಳೆ ಹಿಡಿದು, ದವಸ ಮುಗಿದು ಕಾರ್ನ್‌ವಾಲಿಸ್ ತನ್ನ ಫಿರಂಗಿಗಳನ್ನೇ ಒಡೆದುಹಾಕಿ ವಾಪಸಾಗಿದ್ದ. 1799ರಲ್ಲೂ ಜನರಲ್ ಹ್ಯಾರಿಸನ ದಂಡಿಗೆ ದವಸ ಸಾಲದಾಗಿತ್ತು. ಆದರೆ ಮುಂಗಾರು ಇನ್ನೂ ದೂರ. ಮೇ 4ರ ನಡುಹಗಲು ಬೇರ್ಡನ ದಂಡು ಬತ್ತಿದ ಹೊಳೆಯನ್ನು ನಡೆದೇ ದಾಟಿ, ಫಿರಂಗಿ ಕೊರೆದಿದ್ದ ಕಂಡಿಗೆ ನುಗ್ಗಿತು.

ಅಲ್ಲೇ ಹತ್ತಿರ 1907ರಲ್ಲಿ ಮೈಸೂರು ಸರ್ಕಾರ ಒಂದು ಕಂಬ ನಿಲ್ಲಿಸಿತು. ಯಾರ ನೆನಪಿಗೆ? ಕೋಟೆಗೆ ಮುತ್ತಿಗೆ ಹಾಕಿ ಸತ್ತ ಇಂಗ್ಲಿಷ್ ದಂಡಿನವರ ನೆನಪಿಗೆ! ಕಂಡಿ ಕಾಯುತ್ತಾ ಅವತ್ತೇ ಗುಂಡಿಗೆ ಬಲಿಯಾದ ಸಯ್ಯದ್ ಗಫಾರನ ಹೆಸರು ಎಷ್ಟು ಜನಕ್ಕೆ ಗೊತ್ತು? ಅವನಿಗೂ, ಅವನ ಸಿಪಾಯಿಗಳಿಗೂ ಆ ಕಂಬದ ಪಕ್ಕದಲ್ಲೇ ಒಂದು ಕಲ್ಲು ನೆಡಲಿ, ಕನ್ನಡದಲ್ಲಿ ಬರೆಸಿ.