ಮೊದಲು ಬಾಣ ಹಾಕಿ, ಸೂತ್ರ ಆಮೇಲೆ

ಪ್ಲಸ್ ವನ್ ಇರಲಿ, ಇಂಟರ್ ಇರಲಿ, ಸೋಲಾಪುರ ಕಡೆಯ ಹನ್ನೊಂದನೇ ಇಯತ್ತೆ ಇರಲಿ, ಹತ್ತರವರೆಗೆ ಕನ್ನಡದಲ್ಲಿ ಓದಿದ ನಮ್ಮ ಹುಡುಗರು ಫಿಸಿಕ್ಸಿನ ಸಮತೋಲನದ ಲೆಕ್ಕ ಬಂದ ಕೂಡಲೇ "ಇಂಗ್ಲಿಷ್ ಬರಲ್ಲ, ಅದಕ್ಕೇ ಆಗಲ್ಲ" ಅಂತಾರೆ. ನಾನು ಒಪ್ಪಲ್ಲ. ತೊಡಕು ಇರೋದು ಇಂಗ್ಲಿಷಲ್ಲಿ ಅಲ್ಲ, ಚಿತ್ರ ಬರೆಯದೇ ಸೂತ್ರಕ್ಕೆ ಕೈ ಹಾಕೋದರಲ್ಲಿ.

ನಾನು ಬಿ.ಕಾಂ. ಮಾಡಿ ಬ್ಯಾಂಕಲ್ಲಿ ಕೂತವನು. ನನಗೆ ಇದು ಸಂಜೆಯ ಟ್ಯಾಲಿ ಥರಾನೇ ಕಾಣುತ್ತೆ. ವಸ್ತು ಅಲುಗಾಡದೆ ನಿಂತಿದೆಯಾ? ಹಾಗಾದ್ರೆ ಮೇಲಿನ ಎಳೆತ ಕೆಳಗಿನದಕ್ಕೆ ಸಮ, ಎಡದ್ದು ಬಲದ್ದಕ್ಕೆ ಸಮ. (ಏಣಿ, ಹಲಗೆ ಆದ್ರೆ ತಿರುಗಿಸುವ ಲೆಕ್ಕವೂ ಟ್ಯಾಲಿ ಆಗಬೇಕು. ಅದು ಇನ್ನೊಂದು ದಿನ.)

ಬಟ್ಟೆ ಒಣಹಾಕೋ ಹಗ್ಗಾನೇ ತಗೊಳ್ಳಿ. ಕಂಬಗಳ ನಡುವೆ 4 ಮೀಟರ್. ನಟ್ಟನಡುವೆ 2 ಕಿಲೋ ಒದ್ದೆ ಬಟ್ಟೆಯ ಗಂಟು ಕಟ್ಟಿದ್ದೀರಿ, ಹಗ್ಗ ಅಲ್ಲಿ 20 ಸೆಂ.ಮೀ. ಜಗ್ಗಿದೆ. ಹಗ್ಗದ ಎಳೆತ ಎಷ್ಟು? ಭಾರ ಸುಮಾರು 20 ನ್ಯೂಟನ್, ಎರಡು ಕಡೆ ಹಂಚಿದ್ರೆ ಹತ್ತು-ಹತ್ತು ಅಂತ ಥಟ್ಟನೆ ಹೇಳಿಬಿಡ್ತೀರಿ.

ಚಿತ್ರ ಬರೀರಿ. ಗಂಟು ಅಂದ್ರೆ ಒಂದು ಚುಕ್ಕಿ. ಅದರಿಂದ ಕೆಳಕ್ಕೆ 20ರ ಒಂದು ಬಾಣ, ಹಗ್ಗದ ಗುಂಟ ಓರೆಯಾಗಿ ಎರಡು ಬಾಣ. ಒಂದೊಂದು ಓರೆ ಬಾಣವೂ ಮೇಲಕ್ಕೆ 10 ಕೊಡಬೇಕು, ಅಷ್ಟು ಸರಿ. ಆದ್ರೆ ಹಗ್ಗ 2 ಮೀಟರ್ ಹೋಗೋ ಹೊತ್ತಿಗೆ ಏರೋದು 20 ಸೆಂ.ಮೀ. ಮಾತ್ರ. ಅಂದ್ರೆ ಎಳೆತದ ಹತ್ತರಲ್ಲಿ ಒಂದು ಪಾಲಷ್ಟೇ ಮೇಲಕ್ಕೆ ಕೆಲಸ ಮಾಡ್ತಿದೆ. ಹಾಗಾಗಿ ಎಳೆತ ಸುಮಾರು 100 ನ್ಯೂಟನ್, ಬಟ್ಟೆಯ ಭಾರದ ಐದು ಪಟ್ಟು! ಜಗ್ಗು 10 ಸೆಂ.ಮೀ.ಗೆ ಇಳಿಯೋ ಹಾಗೆ ಬಿಗಿದ್ರೆ 200. ಪೂರಾ ನೆಟ್ಟಗೆ ನಿಲ್ಲಿಸ್ತೀನಿ ಅಂದ್ರೆ ಯಾವ ಹಗ್ಗವೂ ಸಾಲದು. ಕರೆಂಟ್ ತಂತಿ ಜೋತುಬಿಡೋದಕ್ಕೂ ಇದು ಒಂದು ಕಾರಣ.

ಇದರಲ್ಲಿ ಇಂಗ್ಲಿಷ್ ಎಲ್ಲಿ ಬೇಕಾಯ್ತು ಹೇಳಿ? "ಫ್ರೀ ಬಾಡಿ ಡಯಾಗ್ರಾಂ" ಅಂತ ಹೆದರಿಸ್ತಾರಲ್ಲ, ಅದು ಇಷ್ಟೇ: ಒಂದು ವಸ್ತುವನ್ನ ಬೇರೆ ಮಾಡಿ, ಅದರ ಮೇಲೆ ಬೀಳೋ ಬಲಗಳಿಗೆ ಮಾತ್ರ ಬಾಣ ಹಾಕೋದು. ಅದು ಬೇರೆಯವರ ಮೇಲೆ ಹಾಕೋ ಬಲ ಈ ಚಿತ್ರಕ್ಕೆ ಬರಬಾರದು. ಸೈನ್, ಕಾಸ್ ಎಲ್ಲ ಇದಾದ ಮೇಲೆ. ತಲೆಯಲ್ಲಿ "ಎಳೆತ" ಅಂತ ಯೋಚಿಸಿ, ಪೇಪರಲ್ಲಿ ಟೆನ್ಷನ್ ಅಂತ ಬರೀರಿ, ಮಾರ್ಕು ಕಮ್ಮಿ ಆಗಲ್ಲ.

ಈಗ ನಿಮಗೊಂದು. ಅದೇ ಗಂಟನ್ನ ಎಡಗಂಬದ ಹತ್ತಿರಕ್ಕೆ ಸರಿಸಿ ಕಟ್ಟಿ. ಯಾವ ಕಡೆ ಹಗ್ಗದಲ್ಲಿ ಎಳೆತ ಜಾಸ್ತಿ? ಅಡ್ಡದ ಪಾಲು ಎರಡೂ ಕಡೆ ಸಮ ಇರಲೇಬೇಕು, ಅಲ್ಲಿಂದ ಶುರು ಮಾಡಿ.