ಯಾವ ಸಭೆಗೆ ಹೋಗಬೇಕು?

ನಮ್ಮಲ್ಲಿ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ತಂದೆಯೋ ಅಣ್ಣನೋ ಕುಡಿತಕ್ಕೆ ಸಿಕ್ಕಿರುತ್ತಾರೆ. ಅಂಥವರು ಬಿಡಬೇಕೆಂದು ನಿಶ್ಚಯಿಸಿ ಒಂದು ಸಭೆಗೆ ಹೋಗಿಬಂದು “ಅದು ನನಗೆ ಹಿಡಿಸಲಿಲ್ಲ” ಎಂದರೆ, ಮನೆಯವರು ಅವರ ನಿಶ್ಚಯವನ್ನೇ ಸಂದೇಹಿಸುತ್ತಾರೆ. ಇದು ಅನ್ಯಾಯವೆಂದು ನನ್ನ ಅಭಿಪ್ರಾಯ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಕುಡಿತದಿಂದ ಕೆಟ್ಟಿದ್ದ ಬಿಲ್ ವಿಲ್ಸನ್, ವೈದ್ಯ ಬಾಬ್ ಸ್ಮಿತ್ ಎಂಬಿಬ್ಬರು ತಮ್ಮ ಕಷ್ಟವನ್ನು ಪರಸ್ಪರ ಹೇಳಿಕೊಂಡುದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಶುಲ್ಕವಿಲ್ಲ, ಬಿಡುವ ಆಸೆಯೊಂದಿದ್ದರೆ ಸಾಕು. ಆದರೆ ಪ್ರತಿಯೊಂದು ಗುಂಪೂ ತನ್ನ ವ್ಯವಹಾರದಲ್ಲಿ ಸ್ವತಂತ್ರ; ಆದುದರಿಂದ ಒಂದರಂತೆ ಇನ್ನೊಂದಿರುವುದಿಲ್ಲ. ಕೆಲವಕ್ಕೆ ಯಾರಾದರೂ ಹೋಗಬಹುದು, ಕೆಲವು ಕುಡಿತ ಬಿಡಬಯಸುವವರಿಗೆ ಮಾತ್ರ. ದೇವರ ಹೆಸರೆತ್ತಿದರೆ ಎದ್ದುಹೋಗುವ ನಮ್ಮ ವಿಚಾರವಾದಿ ಮಿತ್ರರೂ ಅಂಜಬೇಕಾದುದಿಲ್ಲ. ಅಲ್ಲಿನ ಹನ್ನೆರಡು ಮೆಟ್ಟಿಲುಗಳು ದೇವರನ್ನು ಅವರವರ ತಿಳಿವಿಗೇ ಬಿಟ್ಟಿವೆ.

ಎಲ್ಲಕ್ಕಿಂತಲೂ ಭಾಷೆ ಮುಖ್ಯ. ಹೆಂಡತಿಯ ಓಲೆಯನ್ನು ಅಡವಿಟ್ಟು ಕುಡಿದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳೆಂದರೆ ನಮ್ಮ ಹಳ್ಳಿಯವನಿಗೆ ನಾಲಗೆ ಹೊರಳೀತೆ? ಇನ್ನು ಚಿಕ್ಕ ಊರಿನಲ್ಲಿ ಪರಿಚಿತರ ಕಣ್ಣಿಗೆ ಬೀಳುವ ನಾಚಿಕೆ. ಅಂಥವನು ಪಕ್ಕದ ಊರಿನ ಸಭೆಗೆ ಬಸ್ಸು ಹತ್ತಿದರೆ ಅದೇನೂ ಹೇಡಿತನವಲ್ಲ. ಎರಡು ಮೂರು ಕಡೆ ಕುಳಿತು ನೋಡಿದ ಮೇಲೆ ತನ್ನವರು ಯಾರೆಂದು ಅವನಿಗೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಹಲವು ವರ್ಷ ಮಿತಿಮೀರಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು; ಮೊದಲು ವೈದ್ಯರನ್ನು ಕಾಣತಕ್ಕದ್ದು.

ಮನೆಯವರಿಗೂ ಆಲ್-ಅನಾನ್ ಎಂಬ ಬೇರೆ ಸಭೆಗಳುಂಟು. ಅಣ್ಣನನ್ನು ಸಭೆಗೆ ಅಟ್ಟುವ ವಿದ್ಯಾರ್ಥಿಮಿತ್ರನು ಅಲ್ಲಿಗೆ ತಾನೂ ಒಮ್ಮೆ ಹೋಗಿಬರಲಿ.