ಡ್ರಾಯಿಂಗ್ ಮೊದಲೋ, ಮಾಡೆಲ್ ಮೊದಲೋ?

ಮಿನಿ ಪ್ರಾಜೆಕ್ಟ್ ಅಂದ್ರೆ ಕ್ಯಾಂಪಸ್‌ಗಳಲ್ಲಿ ಒಂದು ರೂಢಿ ಇದೆ. ಮೊದಲು ಮಾಡೆಲ್ ಹೇಗೋ ಎದ್ದು ನಿಲ್ಲುತ್ತೆ. ಆಮೇಲೆ, ಸಬ್ಮಿಷನ್ ಹಿಂದಿನ ರಾತ್ರಿ, ಅದನ್ನ ನೋಡ್ಕೊಂಡು ಡ್ರಾಯಿಂಗ್ ರೆಡಿ ಆಗುತ್ತೆ. ರಿಪೋರ್ಟಿನಲ್ಲಿ ಮಾತ್ರ ಡ್ರಾಯಿಂಗ್ 2ನೇ ಅಧ್ಯಾಯ, ಮಾಡೆಲ್ 4ನೇ ಅಧ್ಯಾಯ! ಓದಿದವರಿಗೆ ಎಲ್ಲಾ ಪ್ಲಾನ್ ಪ್ರಕಾರವೇ ನಡೆದಿದೆ ಅನ್ಸುತ್ತೆ. ಇದು ಸಣ್ಣ ವಿಷಯ ಅಲ್ಲ ಅನ್ನೋದು ನನ್ನ ವಾದ. ಮೊದಲ ಡ್ರಾಯಿಂಗ್ ಇಲ್ಲದಿದ್ರೆ ಏನು ಯೋಚಿಸಿದ್ವಿ, ಎಲ್ಲಿ ಬದಲಾಯಿಸಿದ್ವಿ ಅನ್ನೋದಕ್ಕೆ ಸಾಕ್ಷಿಯೇ ಉಳಿಯಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡಿದವರು ಕ್ರಿಸ್ಟೋ. ಬಲ್ಗೇರಿಯಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿದ ಕಲಾವಿದ. ಅವರು ಮತ್ತು ಅವರ ಹೆಂಡತಿ ಜೀನ್-ಕ್ಲಾಡ್ ಸೇರಿ ಕಟ್ಟಡ, ಪಾರ್ಕು, ಕಣಿವೆಗಳಲ್ಲಿ ಬಟ್ಟೆಯಿಂದ ದೊಡ್ಡ ದೊಡ್ಡ ಕಲಾಕೃತಿ ಮಾಡ್ತಿದ್ರು. ಬರ್ಲಿನ್‌ನ ಸಂಸತ್ ಭವನ ರೈಕ್‌ಸ್ಟಾಗ್‌ಗೆ ಬಟ್ಟೆ ಸುತ್ತುವ ಯೋಚನೆ ಬಂದಿದ್ದು 1971ರಲ್ಲಿ, ಸುತ್ತಿದ್ದು 1995ರಲ್ಲಿ. 1 ಲಕ್ಷ ಚದರ ಮೀಟರ್‌ಗಿಂತ ಹೆಚ್ಚು ಬಟ್ಟೆ, 15 ಕಿಲೋಮೀಟರ್ ದಾಟಿದ ಹಗ್ಗ. ಇದ್ದಿದ್ದು ಬರೀ 14 ದಿನ. ಟಿಕೆಟ್ ಇಲ್ಲ. ಸುಮಾರು 50 ಲಕ್ಷ ಜನ ನೋಡಿದ್ರು. ಆಮೇಲೆ ಎಲ್ಲಾ ಬಿಚ್ಚಿದ್ರು.

ಹಾಗಾದ್ರೆ ಉಳಿದಿದ್ದು ಏನು? ಫೋಟೋ, ಸಿನಿಮಾ ಜೊತೆಗೆ, ಮೊದಲೇ ಬರೆದಿಟ್ಟ ಡ್ರಾಯಿಂಗ್‌ಗಳು. ಪೆನ್ಸಿಲ್, ಇದ್ದಿಲು, ಬಣ್ಣದ ಕಡ್ಡಿಗಳಲ್ಲಿ ಬರೆದ ದೊಡ್ಡ ಚಿತ್ರ, ಜೊತೆಗೆ ಜಾಗದ ಮ್ಯಾಪು, ಅಳತೆಗಳು, ಕೆಲವದರಲ್ಲಿ ನಿಜವಾದ ಬಟ್ಟೆಯ ಚೂರು ಅಂಟಿಸಿರ್ತಾರೆ. ಶೀರ್ಷಿಕೆಯಲ್ಲೇ 'ಪ್ರಾಜೆಕ್ಟ್' ಅಂತ ಬರೆದಿರ್ತಾರೆ, ಅಂದ್ರೆ ಇದು ಇನ್ನೂ ಪ್ರಸ್ತಾಪ ಮಾತ್ರ. ಪಕ್ಕದಲ್ಲಿ ಇಸವಿ. ಪ್ರಾಜೆಕ್ಟ್ ಮುಗಿದ ಮೇಲೆ ಕ್ರಿಸ್ಟೋ ಅದರ ಒಂದು ಡ್ರಾಯಿಂಗ್ ಕೂಡ ಮಾಡ್ತಿರ್ಲಿಲ್ಲ. ಖರ್ಚು ಹುಟ್ಟುತ್ತಿದ್ದುದೂ ಇವುಗಳಿಂದಲೇ: ಸರ್ಕಾರದ ಅನುದಾನ ಬೇಡ, ಸ್ಪಾನ್ಸರ್ ಬೇಡ, ಡ್ರಾಯಿಂಗು, ಕೊಲಾಜು, ಮಾಡೆಲ್‌ಗಳನ್ನ ಮಾರಿ ದುಡ್ಡು ಹೊಂದಿಸ್ತಿದ್ರು. ನಮ್ಮ ಫೆಸ್ಟ್ ಗೇಟಿನ ಮೇಲೆ ಎಷ್ಟು ಲೋಗೋ ಇರುತ್ತೆ ಅಂತ ಒಂದ್ಸಲ ನೆನಪಿಸ್ಕೊಳ್ಳಿ.

"ಬಟ್ಟೆ ಸುತ್ತೋದು ಇಂಜಿನಿಯರಿಂಗಾ?" ಅಂತ ಕೇಳಬಹುದು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಉದಾಹರಣೆ ನೋಡಿ. ನಡೆಯೋ ದಾರಿಗಳ ಮೇಲೆ ಸಾವಿರಾರು ಬಾಗಿಲು ನಿಲ್ಲಿಸಿ ಕೇಸರಿ ಬಟ್ಟೆ ಇಳಿಬಿಡುವ ಯೋಚನೆ 1979ರದ್ದು. 1981ರಲ್ಲಿ ಪಾರ್ಕ್ ಇಲಾಖೆ ಬೇಡ ಅಂತು. ಮೊದಲ ಪ್ಲಾನಿನಲ್ಲಿ ಕಂಬಗಳಿಗೆ ನೆಲ ಅಗೆಯಬೇಕಿತ್ತು. ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. 2005ರ ಫೆಬ್ರವರಿಯಲ್ಲಿ 7,503 ಬಾಗಿಲುಗಳು ನಿಂತಾಗ ಒಂದಕ್ಕೂ ಗುಂಡಿ ತೋಡಿರಲಿಲ್ಲ. ಕಂಬಗಳು ಭಾರವಾದ ಸ್ಟೀಲ್ ಬೇಸ್ ಮೇಲೆ ನಿಂತಿದ್ವು. ಬೇಡ ಅಂದವರ ಆಕ್ಷೇಪಣೆಯೇ ಡಿಸೈನ್ ಒಳಗೆ ಬಂತು. ಇದು ಇಂಜಿನಿಯರಿಂಗ್ ಅಲ್ಲದೆ ಇನ್ನೇನು?

ಎಲ್ಲಾ ಪ್ರಾಜೆಕ್ಟೂ ಗೆಲ್ಲಲಿಲ್ಲ. ಅಮೆರಿಕದ ಕೊಲರಾಡೋದಲ್ಲಿ ಅರ್ಕಾನ್ಸಾ ನದಿಯ ಮೇಲೆ ಬಟ್ಟೆ ಹಾಸುವ ಪ್ರಾಜೆಕ್ಟ್ 1992ರಲ್ಲಿ ಶುರುವಾಗಿ 2017ರಲ್ಲಿ ನಿಂತೇ ಹೋಯ್ತು. ಬಟ್ಟೆ ನದಿ ನೋಡಲೇ ಇಲ್ಲ, ಆದ್ರೆ ಡ್ರಾಯಿಂಗ್‌ಗಳು ಇವೆ. ನಮ್ಮಲ್ಲಿ ಓಡದ ಮಾಡೆಲ್‌ಗೆ ಮಾರ್ಕ್ಸೇ ಇಲ್ಲ ಅನ್ನೋ ಭಯ. ಅದಕ್ಕೇ ರಿಪೋರ್ಟ್‌ಗಳು ಅಷ್ಟು ನುಣ್ಣಗೆ ಇರೋದು.

ಟೈಮ್ ಎಲ್ಲಿದೆ ಅನ್ನೋರ ಮಾತಲ್ಲಿ ಅರ್ಥ ಇದೆ. ಒಂದು ಸೆಮಿಸ್ಟರ್‌ನಲ್ಲಿ ಮೂರು ಇಂಟರ್ನಲ್ಸು, ಲ್ಯಾಬು, ಅಸೈನ್‌ಮೆಂಟು. ಕೆಲವು ವಿಷಯ ಕೈ ಹಾಕಿದ ಮೇಲೇ ತಿಳಿಯೋದು ಅನ್ನೋದೂ ನಿಜ. ಆದ್ರೆ ಕ್ರಿಸ್ಟೋ ಥರ ಇದ್ದಿಲು ಹಿಡೀರಿ ಅಂತ ಯಾರೂ ಹೇಳ್ತಿಲ್ಲ. ಒಂದು ಎ4 ಶೀಟು, ಪೆನ್ಸಿಲ್, ಅರ್ಧ ಗಂಟೆ, ಮೂಲೆಯಲ್ಲಿ ತಾರೀಖು. ಡಿಸೈನ್ ಬದಲಾದ್ರೆ ಹಳೇ ಶೀಟ್ ಅಳಿಸಬೇಡಿ, ಹೊಸದು ತಗೊಳ್ಳಿ, ಯಾಕೆ ಬದಲಾಯ್ತು ಅಂತ ಎರಡು ಸಾಲು ಬರೀರಿ. ಗೈಡ್‌ಗಳಿಗೂ ಒಂದು ಕೋರಿಕೆ: ವೈವಾದಲ್ಲಿ ಕೊನೇ ಡ್ರಾಯಿಂಗ್ ಬದಲು ಮೊದಲನೇದು ಕೇಳಿ ನೋಡಿ ಸರ್, ಮೇಡಂ. ಎರಡರ ನಡುವಿನ ವ್ಯತ್ಯಾಸಕ್ಕೆ ಮಾರ್ಕ್ಸ್ ಕೊಡಿ.

ಇನ್ನೊಂದೇ ಮಾತು. ಕ್ರಿಸ್ಟೋ 2020ರ ಮೇ ತಿಂಗಳಲ್ಲಿ ತೀರಿಕೊಂಡ್ರು. ಜೀನ್-ಕ್ಲಾಡ್ 2009ರಲ್ಲೇ ಹೋಗಿದ್ರು. ಆದ್ರೂ 2021ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಆರ್ಕ್ ದ ತ್ರಿಯಾಂಫ್ 16 ದಿನ ಬಟ್ಟೆ ಸುತ್ತಿಕೊಂಡು ನಿಂತಿತ್ತು. ಆ ಡ್ರಾಯಿಂಗ್‌ಗಳು, ಅವರು ಮೊದಲೇ ಮಾಡಿಟ್ಟ ತೀರ್ಮಾನಗಳು, ಅವರ ತಂಡ, ಇಷ್ಟು ಸಾಕಾಯ್ತು. ಈಗ ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿ. ಜೂನಿಯರ್ಸ್ ಅದರಲ್ಲಿರೋ ಡ್ರಾಯಿಂಗ್ ನೋಡಿ, ನಿಮಗೆ ಫೋನ್ ಮಾಡದೆ, ಅದನ್ನ ಮತ್ತೆ ಕಟ್ಟಬಲ್ಲರಾ?